ಬೀಳಗಿಯ ಅಕ್ಕತಂಗಿಯರು, ಬಣ್ಣದ ಎರಡು ದಾರಿಗಳು

ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ನರಗುಂದ ದಾಟಿ ಮುಂದೆ ಬಂದರೆ ಕುಳಗೇರಿ ಕ್ರಾಸ್ ಸಿಗುತ್ತದೆ. ಬಾದಾಮಿಗೆ ಹೋಗುವವರು ಇಲ್ಲಿ ಹೊರಳಬೇಕು. ನೇರ ಹೋದವರಿಗೆ ಕೆರೂರು, ಬೀಳಗಿಯ ಸೀಮೆ, ಕೊಲ್ಹಾರದ ಸೇತುವೆ, ಆಮೇಲೆ ವಿಜಯಪುರ. ಹೊರಳಿದ ದಾರಿ ಬಾದಾಮಿಯನ್ನು ಹಾದು ಬನಶಂಕರಿಗೆ ಮುಟ್ಟುತ್ತದೆ. ಪ್ರತಿ ವರ್ಷ ಬನದ ಹುಣ್ಣಿಮೆಗೆ ಅಲ್ಲಿ ತೇರು ಎಳೆದ ಮೇಲೆ ತಿಂಗಳೊಪ್ಪತ್ತು ನಡೆಯುವ ಜಾತ್ರೆಯೆಂದರೆ ವೃತ್ತಿ ನಾಟಕ ಕಂಪನಿಗಳಿಗೆ ಸುಗ್ಗಿ. ನೇರ ಹೋಗುವ ದಾರಿ ಒಂದು ಕಾಲಕ್ಕೆ ಸಿನಿಮಾದ ದಾರಿಯಾಗಿತ್ತು. ಆ ಕಾಲದಲ್ಲಿ ಈ ಸೀಮೆಯವರಿಗೆ ಸಿನಿಮಾ ಎಂದರೆ ಬೆಂಗಳೂರಲ್ಲ, ಮುಂಬೈ.

ಹೊಸದಾಗಿ ಹೆಸರು ಮಾಡುತ್ತಿರುವ ನಟನೊಬ್ಬ ಯಾವ ಚಿತ್ರ ಒಪ್ಪಿಕೊಂಡ, ಯಾವುದನ್ನು ಬಿಟ್ಟ, ಧಾರಾವಾಹಿಯಿಂದ ಸಿನಿಮಾಕ್ಕೆ ಹೋಗಿದ್ದು ಸರಿಯೇ, ಕನ್ನಡ ಬಿಟ್ಟು ಹಿಂದಿಗೋ ತೆಲುಗಿಗೋ ಹೋಗಿದ್ದು ತಪ್ಪೇ ಎಂಬ ಚರ್ಚೆ ಇಂದು ಮನೆಮನೆಯಲ್ಲೂ ನಡೆಯುತ್ತದೆ. ಇದೆಲ್ಲ ಇತ್ತೀಚಿನ ಗೀಳು ಎಂದು ಹಿರಿಯರು ಮೂಗು ಮುರಿಯುವುದೂ ಉಂಟು. ಆದರೆ ಇಂಥದೇ ಪ್ರಶ್ನೆ ತೊಂಬತ್ತು ವರ್ಷಗಳ ಹಿಂದೆ ಬೀಳಗಿಯ ಒಂದು ಬಡ ಮುಸ್ಲಿಂ ಕುಟುಂಬದ ಇಬ್ಬರು ಹೆಣ್ಣುಮಕ್ಕಳ ಎದುರಿಗೂ ಬಂದು ನಿಂತಿತ್ತು. ಅಕ್ಕ ಗೋಹರಬಾಯಿ, ತಂಗಿ ಅಮೀರಬಾಯಿ. ಇಬ್ಬರೂ ತಮ್ಮ ಹೆಸರಿನ ಮುಂದೆ ‘ಕರ್ನಾಟಕಿ’ ಎಂದು ಸೇರಿಸಿಕೊಂಡರು. ಒಬ್ಬರು ಸಿನಿಮಾದಿಂದ ರಂಗಕ್ಕೆ ಹೋದರು. ಇನ್ನೊಬ್ಬರು ಸಿನಿಮಾದಲ್ಲೇ ಉಳಿದು ಅಲ್ಲಿಯೂ ಎರಡು ಸಲ ದಾರಿ ಬದಲಿಸಿದರು. ನಟನೊಬ್ಬನ ಆಯ್ಕೆ ಎಂದರೆ ನಿಜವಾಗಿ ಏನು, ಅದರ ಹಿಂದೆ ಏನೇನು ಇರುತ್ತದೆ ಎಂಬುದನ್ನು ತಿಳಿಯಲು ಈ ಇಬ್ಬರ ಬದುಕಿಗಿಂತ ಒಳ್ಳೆಯ ಪಾಠ ಸಿಗಲಾರದು.

ಮುಂಬೈ ಹತ್ತಿರ, ಬೆಂಗಳೂರು ದೂರ

ಮೊದಲು ಭೂಗೋಳದ ಮಾತು. 1956ರ ನವೆಂಬರ್ 1ರವರೆಗೆ ಈ ನಾಡು ಮುಂಬೈ ಆಡಳಿತಕ್ಕೆ ಸೇರಿತ್ತು. ಇಂದಿನ ಬಾಗಲಕೋಟೆ ಜಿಲ್ಲೆ ಆಗ ಬಿಜಾಪುರ ಜಿಲ್ಲೆಯ ಭಾಗ. ಅದು ಪ್ರತ್ಯೇಕವಾದದ್ದು 1997ರಲ್ಲಿ. ಕಚೇರಿಯ ಕಾಗದ, ಕೋರ್ಟಿನ ಅಪೀಲು, ವ್ಯಾಪಾರದ ಹುಂಡಿ ಎಲ್ಲವೂ ಮುಂಬೈ, ಪುಣೆ, ಸೊಲ್ಲಾಪುರಗಳ ಕಡೆಗೆ ಮುಖ ಮಾಡಿದ್ದವು. 1884ರಲ್ಲೇ ಗದಗಿನಿಂದ ಬಾದಾಮಿ, ಬಾಗಲಕೋಟೆ, ಬಿಜಾಪುರ ಮೇಲೆ ಹಾದು ಸೊಲ್ಲಾಪುರದ ಹತ್ತಿರದ ಹೋಟಗಿ ಮುಟ್ಟುವ ರೈಲು ಬಂದಿತ್ತು. ಹೋಟಗಿಯಲ್ಲಿ ಇಳಿದು ದೊಡ್ಡ ಗಾಡಿ ಹತ್ತಿದರೆ ಮುಂಬೈ. ಬೆಂಗಳೂರೋ ಬೇರೊಂದು ಸಂಸ್ಥಾನದ ಊರು, ಅಲ್ಲಿನ ಅರಸರೇ ಬೇರೆ.

ಕಲೆಗೂ ಇದೇ ದಾರಿ. ಮರಾಠಿ ಸಂಗೀತ ನಾಟಕವನ್ನು ಕಟ್ಟಿ ನಿಲ್ಲಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮರಾಠಿ ಕಂಪನಿಗಳು ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳಲ್ಲಿ ಕ್ಯಾಂಪ್ ಹಾಕಿ ಹಣ ಮಾಡಿಕೊಂಡು ಹೋಗುವುದನ್ನು ಕಂಡು ಗದಗಿನ ಶಾಂತಕವಿಗಳು ಕನ್ನಡದಲ್ಲೇ ನಾಟಕ ಬರೆದು ಮಂಡಳಿ ಕಟ್ಟಿದರು. ಅವರ ಹಿಂದೆ ಶಿರಹಟ್ಟಿ, ಕೊಣ್ಣೂರು, ಗರುಡ ಸದಾಶಿವರಾಯರ ಕಂಪನಿಗಳು ಬಂದವು. ಊರಿಂದೂರಿಗೆ ತಿರುಗುವ ಈ ಕಂಪನಿಗಳೇ ಈ ಸೀಮೆಯ ಸಂಗೀತಶಾಲೆ, ನಟನಶಾಲೆ, ಅನೇಕ ಬಡ ಮಕ್ಕಳಿಗೆ ಎರಡು ಹೊತ್ತಿನ ಊಟ ಕೊಟ್ಟ ಮನೆ. ಬೀಳಗಿಯ ಅಕ್ಕತಂಗಿಯರು ಹಾಡು ಕಲಿತದ್ದು ಇಂಥ ಗಾಳಿಯಲ್ಲಿ.

ಸಿನಿಮಾಕ್ಕೆ ಮಾತು ಬಂದಾಗ

1931ರ ಮಾರ್ಚಿನಲ್ಲಿ ಮುಂಬೈಯಲ್ಲಿ ‘ಆಲಂ ಆರಾ’ ತೆರೆ ಕಂಡಿತು. ಅಲ್ಲಿಯವರೆಗೆ ಸಿನಿಮಾ ಮೂಕಿಯಾಗಿತ್ತು. ಮುಖ ಚೆಂದವಿದ್ದರೆ, ಕುದುರೆ ಹತ್ತಲು, ಕತ್ತಿ ಬೀಸಲು ಬಂದರೆ ಸಾಕಾಗಿತ್ತು. ಮಾತು ಬಂದ ಕೂಡಲೇ ಲೆಕ್ಕ ತಲೆಕೆಳಗಾಯಿತು. ಮೂಕಿ ಚಿತ್ರಗಳಲ್ಲಿ ಎಲ್ಲರಿಗಿಂತ ಹೆಚ್ಚು ಸಂಬಳ ಪಡೆಯುತ್ತಿದ್ದ ಸುಲೋಚನಾ, ಅಂದರೆ ರೂಬಿ ಮೈಯರ್ಸ್, ಹಿಂದೂಸ್ತಾನಿ ಸರಿಯಾಗಿ ಬಾರದೆ ಸ್ವಲ್ಪ ಕಾಲ ಕೆಲಸ ಬಿಟ್ಟು ಭಾಷೆ ಕಲಿತು ಬರಬೇಕಾಯಿತು. ಕಲಿಯಲಾಗದವರು ಮರೆಯಾದರು. ಅವರ ಜಾಗಕ್ಕೆ ಬೇಕಾದವರು ಹಾಡಬಲ್ಲ, ಉದ್ದ ಮಾತುಗಳನ್ನು ತಡವರಿಸದೆ ಹೇಳಬಲ್ಲ ನಟನಟಿಯರು. ಅಂಥವರು ಇದ್ದದ್ದು ನಾಟಕ ಕಂಪನಿಗಳಲ್ಲಿ, ಹಾಡುವ ಮನೆತನಗಳಲ್ಲಿ.

ಕನ್ನಡದ ಕಥೆಯೂ ಇದೇ. 1934ರ ಮಾರ್ಚಿನಲ್ಲಿ ಬಿಡುಗಡೆಯಾದ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ ತಯಾರಾದದ್ದು ಬೆಂಗಳೂರಿನಲ್ಲಲ್ಲ, ಕೊಲ್ಹಾಪುರದ ಛತ್ರಪತಿ ಸಿನೆಟೋನ್ ಸ್ಟುಡಿಯೋದಲ್ಲಿ. ನಿರ್ದೇಶಕರು ವೈ.ವಿ. ರಾವ್. ಇಂದ್ರಜಿತುವಾಗಿ ಎಂ.ವಿ. ಸುಬ್ಬಯ್ಯನಾಯ್ಡು, ರಾವಣನಾಗಿ ಆರ್. ನಾಗೇಂದ್ರರಾವ್. ಇಬ್ಬರೂ ಕಂಪನಿ ನಾಟಕದ ನಟರು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕನ್ನಡದ ಮೊದಲ ಚಿತ್ರನಾಯಕ ಎನಿಸಿಕೊಂಡ ಮೇಲೂ ಸುಬ್ಬಯ್ಯನಾಯ್ಡು ಅವರು ಸಿನಿಮಾವನ್ನೇ ನಂಬಿ ಕೂರಲಿಲ್ಲ. ನಾಗೇಂದ್ರರಾಯರ ಜೊತೆ ಸೇರಿ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿಯನ್ನು ನಡೆಸಿದರು. ನಡುನಡುವೆ ‘ವಸಂತಸೇನೆ’ಯಂಥ ಚಿತ್ರಗಳನ್ನು ಮಾಡಿದರು. ವರ್ಷಕ್ಕೆ ಒಂದೋ ಎರಡೋ ಕನ್ನಡ ಚಿತ್ರ ಬರುತ್ತಿದ್ದ ಕಾಲ ಅದು. ಊಟಕ್ಕೆ ನಾಟಕ, ಹೆಸರಿಗೆ ಸಿನಿಮಾ.

ಒಂದು ಮನೆ, ಎರಡು ದಾರಿ

‘ಸತಿ ಸುಲೋಚನ’ ಬಂದ ಅದೇ 1934ರಲ್ಲಿ ಅಮೀರಬಾಯಿ ‘ವಿಷ್ಣುಭಕ್ತಿ’ ಎಂಬ ಚಿತ್ರದಿಂದ ಮುಂಬೈಯ ಸಿನಿಮಾಕ್ಕೆ ಬಂದರು. ಅಲ್ಲಿ ಆಗಲೇ ಪಾತ್ರ ಮಾಡುತ್ತಿದ್ದ ಅಕ್ಕ ಗೋಹರಬಾಯಿಯೇ ದಾರಿ ತೋರಿದವರು. (ಈ ಗೋಹರಬಾಯಿಯನ್ನು, ಗ್ರಾಮಫೋನಿನ ಮೊದಲ ದಿನಗಳಲ್ಲಿ ಹೆಸರಾಗಿ 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡ ಕಲ್ಕತ್ತೆಯ ಗೌಹರ್ ಜಾನ್ ಎಂದು ತಿಳಿಯುವವರು ಉಂಟು, ಇಬ್ಬರೂ ಬೇರೆ.) ಕನ್ನಡ ಮನೆಯಿಂದ ಬಂದ ಹುಡುಗಿ ಹಿಂದಿ ಚಿತ್ರದಲ್ಲಿ ಮಾತಾಡಬೇಕು, ಗುಜರಾತಿ, ಮಾರವಾಡಿ ಹಾಡು ಹಾಡಬೇಕು. ಅಮೀರಬಾಯಿ ಎಲ್ಲವನ್ನೂ ಕಲಿತರು.

ಆಗ ನಟಿ ಎಂದರೆ ಹಾಡುವವಳು ಎಂದೇ ಅರ್ಥ. ಕ್ಯಾಮರಾದ ಎದುರು ನಿಂತು ಅಭಿನಯಿಸುತ್ತಲೇ ಹಾಡಬೇಕು. ತಬಲಾ, ಹಾರ್ಮೋನಿಯಂ ನುಡಿಸುವವರು ಗಿಡದ ಮರೆಯಲ್ಲೋ ಪರದೆಯ ಹಿಂದೋ ಚಿತ್ರದಲ್ಲಿ ಕಾಣದಂತೆ ಕೂರಬೇಕು. 1935ರಲ್ಲಿ ಕಲ್ಕತ್ತೆಯ ನ್ಯೂ ಥಿಯೇಟರ್ಸ್ ಸಂಸ್ಥೆ ‘ಧೂಪ್ ಛಾವ್’ ಚಿತ್ರಕ್ಕೆ ಹಾಡುಗಳನ್ನು ಮೊದಲೇ ಮುದ್ರಿಸಿಕೊಂಡು, ಚಿತ್ರೀಕರಣದ ಹೊತ್ತಿಗೆ ಅವನ್ನು ಕೇಳಿಸಿ ನಟರಿಂದ ತುಟಿ ಆಡಿಸಿತು. ಇದೇ ಹಿನ್ನೆಲೆ ಗಾಯನ. ಈ ತಂತ್ರ ಬಂದ ಮೇಲೆ ಒಂದೇ ದೇಹದಲ್ಲಿದ್ದ ಎರಡು ಕಸುಬುಗಳು ಬೇರೆಯಾದವು. ಚೆಲುವಿದ್ದು ಕಂಠವಿಲ್ಲದವರಿಗೂ ನಾಯಕಿಯ ಪಾತ್ರ ಸಿಗತೊಡಗಿತು. ಕಂಠವಿದ್ದು ನಾಯಕಿಯ ಪಾತ್ರ ಸಿಗದವರಿಗೆ ಪರದೆಯ ಹಿಂದೆ ಕೆಲಸ.

ಅಮೀರಬಾಯಿಯ ಮೊದಲ ಹತ್ತು ವರ್ಷ ದೊಡ್ಡ ಹೆಸರಿನದಲ್ಲ. 1940ರ ‘ನರಸಿ ಭಗತ್’ನಂಥ ಚಿತ್ರಗಳಲ್ಲಿ ಪಾತ್ರ ಮಾಡಿದರು, ಹಾಡಿದರು. ನಾಯಕಿಯ ಪಟ್ಟ ದೂರವೇ ಉಳಿಯಿತು. 1943ರಲ್ಲಿ ಬಾಂಬೆ ಟಾಕೀಸಿನ ‘ಕಿಸ್ಮತ್’ ಬಂತು. ಅಶೋಕ್ ಕುಮಾರ್ ನಾಯಕ, ಮುಮ್ತಾಜ್ ಶಾಂತಿ ನಾಯಕಿ, ಅನಿಲ್ ಬಿಸ್ವಾಸರ ಸಂಗೀತ. ನಾಯಕಿಗೆ ದನಿ ಕೊಟ್ಟವರು ಅಮೀರಬಾಯಿ. ಕ್ವಿಟ್ ಇಂಡಿಯಾ ಚಳವಳಿ ಇನ್ನೂ ಬಿಸಿಯಾಗಿದ್ದ ದಿನಗಳಲ್ಲಿ, ಪರಕೀಯರು ದೂರ ಸರಿಯಲಿ ಎಂಬ ಅರ್ಥದ ಆ ಚಿತ್ರದ ಸಾಮೂಹಿಕ ಗೀತೆ ಸೆನ್ಸಾರಿನ ಕಣ್ಣು ತಪ್ಪಿಸಿ ದೇಶದ ತುಂಬ ಹಬ್ಬಿತು. ಅದರಲ್ಲಿಯೂ ಬೀಳಗಿಯ ದನಿ ಇತ್ತು. ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ‘ಕಿಸ್ಮತ್’ ಮೂರು ವರ್ಷಕ್ಕೂ ಮೇಲೆ ಓಡಿತು. ಮರುವರ್ಷ ನೌಶಾದರ ‘ರತನ್’. ಅದರ ಹಾಡುಗಳೂ ಮನೆಮಾತಾದವು. ಉಳಿದವರಿಗೆ ಹಾಡಿಗೆ 500 ರೂಪಾಯಿ ಸಿಗುತ್ತಿದ್ದಾಗ ಅಮೀರಬಾಯಿಗೆ 1000 ರೂಪಾಯಿ ಕೊಡುತ್ತಿದ್ದರು ಎಂದು ‘ಫಿಲ್ಮ್ ಇಂಡಿಯಾ’ದ ಬಾಬೂರಾವ್ ಪಟೇಲ್ ಬರೆದದ್ದಾಗಿ ಹೇಳುವುದುಂಟು.

ಹೀಗೆ ಅವರ ಮುಂದೆ ಮೊದಲ ಕವಲು ಬಂತು. ಮುಖ ತೋರಿಸುವ ಕಸುಬೋ, ದನಿ ಕೊಡುವ ಕಸುಬೋ? ನಲವತ್ತರ ದಶಕದ ಕೊನೆಯ ಹೊತ್ತಿಗೆ ಅವರು ಹಾಡಿಗೇ ಒತ್ತು ಕೊಟ್ಟರು. ಇದರಲ್ಲಿ ನಷ್ಟವೂ ಇತ್ತು. ಆಗ ಹಿನ್ನೆಲೆ ಗಾಯಕರ ಹೆಸರನ್ನು ಪರದೆಯ ಮೇಲಾಗಲಿ ತಟ್ಟೆಯ ಮೇಲಾಗಲಿ ತೋರಿಸಲೇಬೇಕೆಂಬ ರೂಢಿ ಇರಲಿಲ್ಲ. 1949ರ ‘ಮಹಲ್’ ಚಿತ್ರದ ಗ್ರಾಮಫೋನ್ ತಟ್ಟೆಯ ಮೇಲೆ ಹಾಡಿದ ಲತಾ ಮಂಗೇಶ್ಕರರ ಬದಲು ಚಿತ್ರದ ಪಾತ್ರದ ಹೆಸರು ‘ಕಾಮಿನಿ’ ಎಂದೇ ಅಚ್ಚಾಗಿತ್ತು. ದನಿ ಕೊಡುವುದೆಂದರೆ ಹಣ ಪಡೆದು ಹೆಸರನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದು. ಅಂಥ ಕಾಲದಲ್ಲೂ ಅಮೀರಬಾಯಿ ಹೆಸರು ಉಳಿಸಿಕೊಂಡರು ಎಂಬುದು ಸಣ್ಣ ಮಾತಲ್ಲ. 1948ರಲ್ಲಿ ‘ಶಹನಾಜ್’ ಚಿತ್ರಕ್ಕೆ ಸಂಗೀತವನ್ನೂ ನಿರ್ದೇಶಿಸಿದರು. ಹೆಂಗಸರು ಆ ಕುರ್ಚಿಯಲ್ಲಿ ಕೂತದ್ದೇ ಅಪರೂಪ.

ಎರಡನೆಯ ಕವಲು ಅವರಾಗಿ ಆರಿಸಿಕೊಂಡದ್ದಲ್ಲ. 1949ರಲ್ಲಿ ‘ಮಹಲ್’, ‘ಬರ್ಸಾತ್’, ‘ಅಂದಾಜ್’ ಚಿತ್ರಗಳು ಒಟ್ಟಿಗೇ ಬಂದು ಲತಾ ಅವರ ತೆಳುವಾದ, ಎತ್ತರದ ದನಿಯೇ ನಾಯಕಿಯ ದನಿ ಎಂಬ ಹೊಸ ರುಚಿ ಹುಟ್ಟಿತು. ತುಂಬಿದ ಕಂಠದ ಹಳೆಯ ಗಾಯಕಿಯರಿಗೆ ಹಾಡುಗಳು ಕಡಿಮೆಯಾದವು. ಅಮೀರಬಾಯಿ ಮತ್ತೆ ಬಣ್ಣ ಹಚ್ಚಿದರು, ಪೋಷಕ ಪಾತ್ರಗಳಿಗೆ. ನಟನೆ ಕಲಿತಿದ್ದರಿಂದ ಹಾಡು ಕೈಬಿಟ್ಟಾಗ ಕೂಳು ಕೈಬಿಡಲಿಲ್ಲ. ಗಳಿಸಿದ್ದರಲ್ಲಿ ಒಂದು ಪಾಲನ್ನು ತವರಿನ ಕಡೆಗೇ ತಂದರು. ಬಿಜಾಪುರದಲ್ಲಿ ಅವರು ಕಟ್ಟಿಸಿದ ‘ಅಮೀರ್ ಟಾಕೀಸ್’ನ ಹೆಸರು ಆ ಊರಿನ ಹಳಬರಿಗೆಲ್ಲ ಗೊತ್ತು. ಪಾರ್ಶ್ವವಾಯು ಬಡಿದು 1965ರಲ್ಲಿ ಅವರು ತೀರಿಕೊಂಡರು. ರಹಮತ್ ತರೀಕೆರೆ ಅವರು ಅವರ ಬದುಕಿನ ಪುಸ್ತಕ ಬರೆಯುವವರೆಗೆ ಕನ್ನಡಿಗರು ಈ ಕಲಾವಿದೆಯನ್ನು ಹೆಚ್ಚೂಕಡಿಮೆ ಮರೆತೇ ಬಿಟ್ಟಿದ್ದರು.

ಅಕ್ಕನ ದಾರಿ ಬೇರೆ. ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರಗಳಿಗೆ ಹೆಸರಾದ ಬಾಲಗಂಧರ್ವರ ಕಥೆ ಓದುಗರಿಗೆ ತಿಳಿದಿರಬಹುದು. ವಾಕ್ಚಿತ್ರಗಳು ಬಂದು ನಾಟಕದ ಗಲ್ಲೆ ಬಡವಾದಾಗ ಅವರೂ ಸಿನಿಮಾ ಕಡೆ ನೋಡಿದರು. 1935ರಲ್ಲಿ ಪ್ರಭಾತ್ ಸಂಸ್ಥೆಯ ‘ಧರ್ಮಾತ್ಮಾ’ದಲ್ಲಿ ಸಂತ ಏಕನಾಥರ ಪಾತ್ರ ಮಾಡಿದರು, ನಿರ್ದೇಶಕರು ವಿ. ಶಾಂತಾರಾಂ. ಎದುರಿಗೆ ಜನರಿಲ್ಲ, ‘ಒನ್ಸ್ ಮೋರ್’ ಇಲ್ಲ, ತುಂಡುತುಂಡಾಗಿ ಅಭಿನಯಿಸಬೇಕು. ಸಭೆಯ ಎದುರು ಗಂಟೆಗಟ್ಟಲೆ ಹಾಡಿ ಬೆಳೆದವರಿಗೆ ಅದು ಒಗ್ಗಲಿಲ್ಲ. ಅವರು ರಂಗಕ್ಕೇ ಮರಳಿದರು. ಅವರ ಹಾಡುಗಳನ್ನು ಕೇಳಿ ಕೇಳಿ ಅದೇ ಧಾಟಿಯನ್ನು ಗಂಟಲಿಗೆ ಇಳಿಸಿಕೊಂಡಿದ್ದ ಗೋಹರಬಾಯಿ ಮೂವತ್ತರ ದಶಕದ ಕೊನೆಯಲ್ಲಿ ಅವರ ಕಂಪನಿ ಸೇರಿದರು. ಬಾಲಗಂಧರ್ವರು ಆಡುತ್ತಿದ್ದ ನಾಯಕಿಯ ಪಾತ್ರಗಳನ್ನು ಬೀಳಗಿಯ ಈ ಹೆಣ್ಣುಮಗಳು ಆಡಿದರು. 1951ರಲ್ಲಿ ಇಬ್ಬರೂ ಮದುವೆಯಾದರು.

ಲಾಭನಷ್ಟದ ಕಣ್ಣಿನಿಂದ ನೋಡಿದರೆ ಗೋಹರಬಾಯಿಯ ಆಯ್ಕೆ ತಪ್ಪು. ಮುಳುಗುತ್ತಿದ್ದ ಹಡಗನ್ನು ಹತ್ತಿದಂತೆ. ಕಂಪನಿ ಸಾಲದಲ್ಲಿತ್ತು. ಕನ್ನಡದ ಮುಸ್ಲಿಂ ಹೆಣ್ಣೊಬ್ಬಳು ತಮ್ಮ ಆರಾಧ್ಯ ನಟನ ಪಕ್ಕ ನಿಂತದ್ದನ್ನು ಮರಾಠಿ ರಸಿಕರಲ್ಲಿ ಹಲವರು ಸಹಿಸಲಿಲ್ಲ. 1964ರಲ್ಲಿ ಗೋಹರಬಾಯಿ ತೀರಿಕೊಂಡರು; ಮೂರು ವರ್ಷದ ನಂತರ ಬಾಲಗಂಧರ್ವರು. ಆದರೆ ಗೋಹರಬಾಯಿಗೆ ಬೇಕಾಗಿದ್ದದ್ದು ಆ ಸಂಗೀತ ಮತ್ತು ಅದನ್ನು ಪೂರ್ತಿಯಾಗಿ ಹಾಡಲು ಒಂದು ಜಾಗ. ಮೂರು ನಿಮಿಷದ ತಟ್ಟೆಯಲ್ಲಿ ಅದು ಹಿಡಿಸುತ್ತಿರಲಿಲ್ಲ. ತಂಗಿ ಕಾಲ ಹೊರಳಿದ ಕಡೆ ಹೊರಳಿದರು. ಅಕ್ಕ ಕಾಲಕ್ಕೆ ಬೆನ್ನು ಮಾಡಿ ನಿಂತರು. ಇಬ್ಬರಿಗೂ ಆರಿಸಿಕೊಳ್ಳುವ ಧೈರ್ಯ ಬಂದದ್ದು ಒಂದೇ ಕಾರಣಕ್ಕೆ: ಕೈಯಲ್ಲಿ ಕಸುಬಿತ್ತು.

ಕಂಪನಿ ಎಂಬ ಶಾಲೆ

ಈ ಕಸುಬು ಎಲ್ಲಿಂದ ಬರುತ್ತಿತ್ತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾಟಕ ಕಂಪನಿಯ ಹುಡುಗನಿಗೆ ಮೊದಲು ಸಂಬಳವಿಲ್ಲ, ಊಟವಿದೆ. ಪರದೆ ಎಳೆಯುವುದು, ಬಣ್ಣ ಅರೆಯುವುದು, ಹಿರಿಯ ನಟರ ಬಟ್ಟೆ ಮಡಚುವುದು ಅವನ ಪಾಲು. ಸಂಜೆ ಆಟ ನಡೆಯುವಾಗ ಪಕ್ಕದ ಪರದೆಯ ಸಂದಿಯಲ್ಲಿ ನಿಂತು ನೋಡಿಯೇ ಎಲ್ಲರ ಮಾತೂ ಬಾಯಿಪಾಠ. ಯಾರಿಗಾದರೂ ಜ್ವರ ಬಂದರೆ ಆ ಪಾತ್ರ ಇವನಿಗೆ. ಬಾಲಕೃಷ್ಣ, ಲೋಹಿತಾಶ್ವದಿಂದ ಹಿಡಿದು ಸ್ತ್ರೀಪಾತ್ರ, ಹಾಸ್ಯ, ಖಳ, ಕೊನೆಗೆ ನಾಯಕ. ಹತ್ತು ವರ್ಷದಲ್ಲಿ ಹತ್ತು ಬಗೆಯ ಪಾತ್ರ. ತಪ್ಪಿದರೆ ಎದುರಿಗೆ ಕೂತ ಜನ ಅಂದೇ, ಆ ಕ್ಷಣವೇ ಹೇಳಿಬಿಡುತ್ತಾರೆ. ತಪ್ಪು ತಿದ್ದಿಕೊಳ್ಳಲು ನಾಳೆಯ ಆಟವಿದೆ.

ಗಾಜನೂರಿನ ಮುತ್ತುರಾಜ್ ಹೀಗೆ ಬೆಳೆದವರು. ತಂದೆ ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ನಟರು. ಮಗ ಆ ಕಂಪನಿಯಲ್ಲಿ, ಸುಬ್ಬಯ್ಯನಾಯ್ಡು ಅವರ ಕಂಪನಿಯಲ್ಲಿ ಪಳಗಿ, 1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರ ‘ಬೇಡರ ಕಣ್ಣಪ್ಪ’ದಿಂದ ರಾಜಕುಮಾರ್ ಆದರು. ಕನ್ನಡದ ಮೊದಲ ಚಿತ್ರನಾಯಕನ ಕಂಪನಿಯಲ್ಲಿ ಮುಂದಿನ ದೊಡ್ಡ ನಾಯಕ ಕಲಿತ ಎಂಬುದು ಬರಿಯ ಕಾಕತಾಳೀಯವಲ್ಲ. ಆಗ ಕಲಿಯಲು ಬೇರೆ ಜಾಗವೇ ಇರಲಿಲ್ಲ.

ಅದಕ್ಕಿಂತ ಮುಖ್ಯವಾದದ್ದು ಮುಂದೆ ನಡೆದದ್ದು. ಐವತ್ತರ ದಶಕದ ಕೊನೆಯಲ್ಲಿ ಕನ್ನಡ ಚಿತ್ರಗಳ ತಯಾರಿಕೆ ಕುಂಠಿತವಾಗಿ ನಟರಿಗೆ ಕೆಲಸವಿಲ್ಲದಂತಾಯಿತು. ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಕೂಡಿ ಕಲಾವಿದರ ಸಂಘ ಕಟ್ಟಿ, ಊರೂರಿಗೆ ಹೋಗಿ ನಾಟಕ ಆಡಿದರು. ಆ ದುಡಿಮೆಯ ಬಲದಿಂದ 1960ರಲ್ಲಿ ‘ರಣಧೀರ ಕಂಠೀರವ’ ತೆಗೆದರು. ಸಿನಿಮಾ ಕೈಕೊಟ್ಟಾಗ ಸಿನಿಮಾವನ್ನೇ ಎತ್ತಿ ನಿಲ್ಲಿಸಲು ನಾಟಕ ಬೇಕಾಯಿತು. ಇಂದಿನ ಹೊಸ ನಟನಿಗೆ ಎರಡು ಚಿತ್ರ ಸೋತರೆ ಹೀಗೆ ಹಿಂದಿರುಗಲು ಇರುವ ಜಾಗ ಯಾವುದು ಎಂಬುದು ಕೇಳಬೇಕಾದ ಮಾತು.

ಸೂಳೇಭಾವಿಯಿಂದ ಹೋದ ಕಥೆ

ಏಕೀಕರಣದ ನಂತರ ಈ ಸೀಮೆಯ ದಾರಿ ಮುಂಬೈಯಿಂದ ಬೆಂಗಳೂರಿಗೆ ಹೊರಳಿತು. ಆದರೆ ಕನ್ನಡ ಚಿತ್ರಗಳು ತಯಾರಾಗುತ್ತಿದ್ದದ್ದು ಮದರಾಸು, ಮೈಸೂರುಗಳಲ್ಲಿ, ಆಮೇಲೆ ಬೆಂಗಳೂರಿನಲ್ಲಿ. ಅಲ್ಲಿ ನಾಯಕನ ಮಾತು ಹಳೆಯ ಮೈಸೂರಿನದು. ಬಾದಾಮಿ, ಹುನಗುಂದ, ಇಳಕಲ್ಲಿನ ಮಾತು ತೆರೆಯ ಮೇಲೆ ಬಂದರೆ ಹಾಸ್ಯಕ್ಕೆ. ‘ನಾಗಮಂಡಲ’ (1997)ದಂಥ ಚಿತ್ರಗಳು ಈ ಮಾತನ್ನು ಗಂಭೀರವಾಗಿ ಬಳಸಿದ್ದು ಅಪರೂಪದ ಸಂಗತಿ. ಇಲ್ಲಿಯ ಹುಡುಗನಿಗೆ ನಟನೆ ಬಂದರೂ ನಾಲಿಗೆ ಬದಲಿಸಬೇಕಾದ ಕಷ್ಟ. ಅಮೀರಬಾಯಿಗೆ ಹಿಂದಿ ಕಲಿಯಬೇಕಾಗಿ ಬಂದಿದ್ದರೆ, ಇವನಿಗೆ ಕನ್ನಡವನ್ನೇ ಇನ್ನೊಮ್ಮೆ ಕಲಿಯಬೇಕಾಯಿತು.

ಹಾಗಾಗಿ ಇಲ್ಲಿಂದ ನಟರಿಗಿಂತ ಮೊದಲು ಕಥೆಗಳು ಹೋದವು. ಹುನಗುಂದ ತಾಲ್ಲೂಕಿನ ಸೂಳೇಭಾವಿಯ ಪಿ.ಬಿ. ಧುತ್ತರಗಿ ಅವರು ಕಂಪನಿಗಳಲ್ಲಿ ಪಾತ್ರ ಮಾಡುತ್ತ, ಕಂಪನಿಗಳಿಗೆ ನಾಟಕ ಬರೆಯುತ್ತ ಬಾಳಿದವರು. ಅವರ ‘ಸಂಪತ್ತಿಗೆ ಸವಾಲ್’ ನಾಟಕವನ್ನು 1974ರಲ್ಲಿ ಎ.ವಿ. ಶೇಷಗಿರಿರಾವ್ ಚಿತ್ರ ಮಾಡಿದರು. ರಾಜಕುಮಾರ್ ನಾಯಕ, ಮಂಜುಳಾ ನಾಯಕಿ, ವಜ್ರಮುನಿ ಖಳ. ಅದಕ್ಕೂ ಮೊದಲು ಒಂದೆರಡು ಚಿತ್ರಗಳಲ್ಲಿ ಹಾಡಿದ್ದರೂ, ಪಿ.ಬಿ. ಶ್ರೀನಿವಾಸ್ ಅವರ ದನಿಯನ್ನೇ ತಮ್ಮ ದನಿಯಾಗಿ ಮಾಡಿಕೊಂಡಿದ್ದ ರಾಜಕುಮಾರ್ ತಮ್ಮ ಹಾಡನ್ನು ತಾವೇ ಹಾಡುವ ಪರಿಪಾಠಕ್ಕೆ ಬಂದದ್ದು ಈ ಚಿತ್ರದಿಂದ. ಮುಂದೆ ‘ಜೀವನಚೈತ್ರ’ (1992) ಚಿತ್ರದ ಹಾಡಿಗೆ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು, ನಟನಿಗೆ ಗಾಯಕನೆಂದು! 1935ರಲ್ಲಿ ತಂತ್ರ ಬೇರೆ ಮಾಡಿದ್ದ ನಟನೆ ಮತ್ತು ಹಾಡು ಕನ್ನಡದಲ್ಲಿ ಮತ್ತೆ ಒಂದು ದೇಹದಲ್ಲಿ ಕೂಡಿದ್ದು ಸೂಳೇಭಾವಿಯ ನಾಟಕಕಾರನ ಕಥೆಯಲ್ಲಿ. ಕಂಪನಿಯಲ್ಲಿ ಹಾಡುತ್ತಲೇ ನಟಿಸಲು ಕಲಿತವರಾದ್ದರಿಂದ ನಲವತ್ತೈದರ ವಯಸ್ಸಿನಲ್ಲಿ ಅವರಿಗೆ ಅದು ಸಾಧ್ಯವಾಯಿತು.

ಮರಳಿ ಬಂದವರು, ಹೊರಗೆ ಹೋದವರು

ಸಿನಿಮಾದಿಂದ ಜಾತ್ರೆಯ ಕಡೆಗೆ ಬರುವ ಹಿಮ್ಮುಖ ದಾರಿಯೂ ಇದೆ. ಖಳಪಾತ್ರಗಳಿಗೆ ಹೆಸರಾದ ಸುಧೀರ್ ತಮ್ಮದೇ ನಾಟಕ ಕಂಪನಿ ಕಟ್ಟಿಕೊಂಡು ಊರೂರು ತಿರುಗಿದರು. 2000ದಲ್ಲಿ ಅವರು ತೀರಿಕೊಂಡರು. ಸಿನಿಮಾದ ಮುಖವೊಂದು ಫಲಕದ ಮೇಲಿದ್ದರೆ ಬನಶಂಕರಿಯ ತಗಡಿನ ಥಿಯೇಟರು ತುಂಬುತ್ತದೆ ಎಂಬ ನಂಬಿಕೆ ಕಂಪನಿ ಮಾಲಕರಲ್ಲಿ ಹಳೆಯದು. ರಂಗದಿಂದ ಬಂದು ‘ಗುಲಾಬಿ ಟಾಕೀಸ್’ಗೆ ರಾಷ್ಟ್ರಪ್ರಶಸ್ತಿ ಪಡೆದ ಉಮಾಶ್ರೀ, 2013ರಲ್ಲಿ ಇದೇ ಜಿಲ್ಲೆಯ ತೇರದಾಳದಿಂದ ವಿಧಾನಸಭೆಗೆ ಗೆದ್ದು ಕನ್ನಡ ಮತ್ತು ಸಂಸ್ಕೃತಿ ಖಾತೆಯ ಸಚಿವರಾದದ್ದು ಇನ್ನೊಂದು ಬಗೆಯ ದಾರಿ.

ಕಂಪನಿಯಿಂದ ನೇರ ಸಿನಿಮಾಕ್ಕೆ ಹೋದ ಈ ಕಡೆಯ ಇತ್ತೀಚಿನ ದೊಡ್ಡ ಹೆಸರು ರಾಜು ತಾಳಿಕೋಟೆ ಅವರದು. ‘ಕಲಿಯುಗದ ಕುಡುಕ’ ನಾಟಕದ ಕ್ಯಾಸೆಟ್ಟುಗಳು ಬಸ್ಸಿನಲ್ಲಿ, ಚಹಾದಂಗಡಿಯಲ್ಲಿ ಕೇಳಿಸುತ್ತಿದ್ದ ದಿನಗಳಲ್ಲಿ ಅವರ ದನಿ ಮುಖಕ್ಕಿಂತ ಮೊದಲೇ ಪ್ರಸಿದ್ಧ. 2009ರಲ್ಲಿ ಯೋಗರಾಜ್ ಭಟ್ಟರ ‘ಮನಸಾರೆ’ಯಿಂದ ಬೆಂಗಳೂರಿನ ಪ್ರೇಕ್ಷಕರಿಗೂ ಪರಿಚಿತರಾದರು. ತಮ್ಮ ಮಾತನ್ನು ಅವರು ಬದಲಿಸಲಿಲ್ಲ. ಸಿನಿಮಾ ಆ ಮಾತಿಗಾಗಿಯೇ ಅವರನ್ನು ಕರೆಯಿತು. ಕಂಪನಿಯನ್ನೂ ಬಿಡಲಿಲ್ಲ. 2024ರಲ್ಲಿ ಧಾರವಾಡ ರಂಗಾಯಣದ ನಿರ್ದೇಶಕರಾದರು. 2025ರ ಅಕ್ಟೋಬರಿನಲ್ಲಿ ಕರಾವಳಿಯಲ್ಲಿ ಚಿತ್ರೀಕರಣಕ್ಕೆ ಹೋಗಿದ್ದಾಗ ಹೃದಯಾಘಾತವಾಗಿ ತೀರಿಕೊಂಡರು. ಒಂದು ಕಾಲು ತಗಡಿನ ಥಿಯೇಟರಿನಲ್ಲಿ, ಇನ್ನೊಂದು ಕಾಲು ಕ್ಯಾಮರಾದ ಎದುರು ಇಟ್ಟು ಬದುಕಿದ ಕಲಾವಿದ.

ಕವಲಿಗೆ ಬರುವ ಮುಂಚೆ

ಬೇರೆ ಕಡೆಯ ಹೊಸ ನಟರನ್ನು ನೋಡಿದರೂ ಇದೇ ಮಾತು ನಿಜ. ಹಾಸನದಲ್ಲಿ ಹುಟ್ಟಿದ ಯಶ್ ಬೆನಕ ತಂಡದಲ್ಲಿ ತೆರೆಮರೆಯ ಕೆಲಸ ಮಾಡಿ, ಧಾರಾವಾಹಿಗಳಲ್ಲಿ ಪಳಗಿ, 2008ರ ‘ಮೊಗ್ಗಿನ ಮನಸು’ವಿಗೆ ಬಂದರು, ‘ಕೆ.ಜಿ.ಎಫ್.’ ಬಂದದ್ದು ಹತ್ತು ವರ್ಷದ ನಂತರ, 2018ರಲ್ಲಿ. ‘ನಾನು ಅವನಲ್ಲ... ಅವಳು’ ಚಿತ್ರಕ್ಕೆ 2015ರಲ್ಲಿ ರಾಷ್ಟ್ರಪ್ರಶಸ್ತಿ ಪಡೆದ ವಿಜಯ್, ತಾನು ಕಲಿತ ನಾಟಕ ತಂಡದ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡು ಸಂಚಾರಿ ವಿಜಯ್ ಆದರು. ಜನಪ್ರಿಯ ನಾಯಕರು ಹಿಂಜರಿಯುವಂಥ ಪಾತ್ರವನ್ನು ಆರಿಸಿಕೊಳ್ಳುವ ಎದೆಗಾರಿಕೆ ಅವರಿಗೆ ಆ ಕಲಿಕೆಯಿಂದ ಬಂದದ್ದು. 2021ರಲ್ಲಿ ರಸ್ತೆ ಅಪಘಾತದಲ್ಲಿ ಅವರು ಹೋದಾಗ ಕನ್ನಡ ಕಳೆದುಕೊಂಡದ್ದು ಅಂಥ ಆಯ್ಕೆಗಳನ್ನು.

ಹಾಗಾದರೆ ಈ ಸೀಮೆಯ ಹುಡುಗ ಹುಡುಗಿಯರಿಗೆ ಇಂದು ಏನಿದೆ? ಧಾರವಾಡ, ಕಲಬುರಗಿಗಳಲ್ಲಿ ರಂಗಾಯಣವಿದೆ, ಹೆಗ್ಗೋಡಿನಲ್ಲಿ ನೀನಾಸಂ ಇದೆ. ಆದರೆ ಅಲ್ಲಿ ಜಾಗ ಕೆಲವರಿಗೆ ಮಾತ್ರ. ಕೈಯಲ್ಲಿರುವ ಮೊಬೈಲು ಒಂದು ರಾತ್ರಿಯಲ್ಲಿ ಹೆಸರು ಮಾಡಿಸಬಲ್ಲದು. ಈ ಹೆಸರನ್ನು ಹೀಗಳೆಯಬೇಕಾಗಿಲ್ಲ. ಅದರಿಂದಾಗಿ ಉತ್ತರದ ಮಾತಿಗೆ ಮರ್ಯಾದೆ ಬಂದಿದೆ; ಬೆಂಗಳೂರಿನ ಅಪ್ಪಣೆಗೆ ಕಾಯದೆ ಜನರ ಎದುರು ನಿಲ್ಲಬಹುದಾಗಿದೆ. ಕೊರತೆ ಇರುವುದು ಬೇರೆ ಕಡೆ. ಹಿಂದೆ ಕಲಿಕೆ ಮೊದಲು, ಆಯ್ಕೆ ಆಮೇಲೆ. ಈಗ ಆಯ್ಕೆ ಮೊದಲು ಬರುತ್ತದೆ. ಹತ್ತು ಬಗೆಯ ಪಾತ್ರ ಮಾಡಿ ನೋಡುವ ಮುಂಚೆಯೇ, ತನಗೆ ಯಾವುದು ಒಗ್ಗುತ್ತದೆ ಎಂದು ತಿಳಿಯುವ ಮುಂಚೆಯೇ, ಹುಡುಗ ಒಂದು ಬಗೆಯ ಪಾತ್ರಕ್ಕೆ ಗುರುತಾಗಿಬಿಡುತ್ತಾನೆ. ಜನ ಅದನ್ನೇ ಮತ್ತೆ ಮತ್ತೆ ಕೇಳುತ್ತಾರೆ. ರುಚಿ ಬದಲಾದ ದಿನ ಅವನ ಕೈಯಲ್ಲಿ ಎರಡನೆಯ ಕಸುಬಿರುವುದಿಲ್ಲ. ಅಮೀರಬಾಯಿಗೆ ಇತ್ತು.

ನಾಟಕ ಕಂಪನಿಗಳ ಹಳೆಯ ದಿನಗಳನ್ನು ಹೊಗಳಿ ಕೂತರೆ ಅರ್ಧ ಸತ್ಯವಾದೀತು. ಮುಂಗಡದ ಸಾಲಕ್ಕೆ ಸಿಕ್ಕಿ ಕಂಪನಿ ಬಿಡಲಾಗದವರು, ಸಂಬಳ ಕಾಣದವರು, ಕೊನೆಗಾಲದಲ್ಲಿ ಔಷಧಕ್ಕೆ ಪರದಾಡಿದವರು ಅನೇಕರು. ನಟಿಯರಿಗಂತೂ ಊರು ಚಪ್ಪಾಳೆ ಕೊಟ್ಟಷ್ಟು ಸುಲಭವಾಗಿ ಬಾಡಿಗೆ ಮನೆ ಕೊಡುತ್ತಿರಲಿಲ್ಲ. ಅದನ್ನು ಹಾಗೆಯೇ ಮರಳಿ ತರಬೇಕೆಂದು ಯಾರೂ ಹೇಳಲಾರರು. ಉಳಿಸಿಕೊಳ್ಳಬೇಕಾದದ್ದು ಅದರ ಒಳಗಿದ್ದ ಒಂದು ಗುಣ: ಬಡವರ ಮಗುವಿಗೂ ಊಟ ಕೊಟ್ಟು, ಜನರೆದುರು ತಪ್ಪಲು ಅವಕಾಶ ಕೊಟ್ಟು, ನಿಧಾನವಾಗಿ ಕಲಿಸುವ ಜಾಗ. ಬನಶಂಕರಿಯ ಜಾತ್ರೆಯಲ್ಲಿ ವರ್ಷಕ್ಕೊಮ್ಮೆ ತಿಂಗಳೊಪ್ಪತ್ತು ಅಂಥ ಜಾಗ ಏಳುತ್ತದೆ. ಒಂದೇ ರಾತ್ರಿ ಹಲವು ಆಟ, ಒಂದೇ ಪಾತ್ರ ಹತ್ತಾರು ಸಲ. ಸರಕಾರವಾಗಲಿ ಚಿತ್ರೋದ್ಯಮವಾಗಲಿ ಹೊಸ ಪ್ರತಿಭೆ ಹುಡುಕುವುದಾದರೆ ದೂರ ಹೋಗಬೇಕಾಗಿಲ್ಲ. ಆ ಕಂಪನಿಗಳಲ್ಲಿ ದುಡಿಯುವ ಎಳೆಯರಿಗೆ ವರ್ಷದ ಉಳಿದ ತಿಂಗಳಲ್ಲೂ ಸಂಬಳ, ಸಂಗೀತಪಾಠ ಸಿಗುವಂತೆ ಮಾಡಿದರೆ ಸಾಕು.

ಗೋಹರಬಾಯಿ ಮತ್ತು ಅಮೀರಬಾಯಿ ಇಬ್ಬರಲ್ಲಿ ಯಾರು ಸರಿ ಆರಿಸಿಕೊಂಡರು ಎಂಬ ಪ್ರಶ್ನೆಗೆ ಉತ್ತರ ಹುಡುಕುವುದು ವ್ಯರ್ಥ. ಒಬ್ಬರು ಊರಿಗೊಂದು ಚಿತ್ರಮಂದಿರ ಕಟ್ಟಿದರು. ಇನ್ನೊಬ್ಬರು ಮುಗಿಯುತ್ತಿದ್ದ ಒಂದು ಸಂಗೀತದ ಕೊನೆಯ ವರ್ಷಗಳಿಗೆ ದನಿಯಾದರು. ಬೀಳಗಿಯಂಥ ಊರಿನಿಂದ ಹೋದ ಇಬ್ಬರಿಗೂ ಕವಲಿನಲ್ಲಿ ನಿಂತು ಯೋಚಿಸುವಷ್ಟು ಸಾಮರ್ಥ್ಯವಿತ್ತು ಎಂಬುದೇ ದೊಡ್ಡದು. ಇಂದು ಕುಳಗೇರಿ ಕ್ರಾಸಿನಲ್ಲಿ ಬೆಂಗಳೂರಿನ ರಾತ್ರಿ ಬಸ್ಸಿಗೆ ಕಾದು ನಿಂತಿರುವ ಹುಡುಗನಿಗೆ, ಹುಡುಗಿಗೆ ಆ ಸಾಮರ್ಥ್ಯವನ್ನು ಕೊಟ್ಟು ಕಳಿಸಿದ್ದೇವೆಯೇ ಎಂದು ಕೇಳಿಕೊಳ್ಳಬೇಕಾದವರು ನಾವು.